ಕೆಳಗೆ ಅಕ್ಷರ ಬಾರದ ಪಿಕ್ಚರ್‌ಗಳು

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ನಾನು ಓದು ಬಿಟ್ಟೆ. ಏಳನೇ ಕ್ಲಾಸಿನ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಅಪ್ಪನ ಬಲಗೈ ಮೇಲೆತ್ತಲು ಬಾರದಂತೆ ಹಿಡಿದುಕೊಂಡಿತ್ತು, ಮಗ್ಗದ ಮೇಲಿನ ಸೀರೆ ಅರ್ಧಕ್ಕೆ ನಿಂತಿತ್ತು. ಅದೊಂದನ್ನು ಮುಗಿಸಿಕೊಟ್ಟು ಮತ್ತೆ ಸ್ಕೂಲಿಗೆ ಹೋಗುತ್ತೇನೆ ಅಂದುಕೊಂಡು ಕೂತೆ. ಆ ಸೀರೆ ಮುಗಿಯಿತು, ಅದರ ಹಿಂದೆ ಇನ್ನೊಂದು ಬಂತು. ಓದು ಬಿಟ್ಟದ್ದಕ್ಕೆ ನಾನು ಯಾರ ಮುಂದೆಯೂ ಕಣ್ಣೀರು ಹಾಕಿದವನಲ್ಲ. ಇಪ್ಪತ್ತೈದು ತುಂಬುವಷ್ಟರಲ್ಲಿ ಕೊಳ್ಳೇಗಾಲದಲ್ಲಿ ಸ್ವಂತದ್ದು ಅಂತ ಎರಡು ಪವರ್‌ಲೂಮ್ ಹಾಕಿದೆ. ನನ್ನ ಮಗ್ಗದಿಂದ ಇಳಿದ ಸೀರೆಯಲ್ಲಿ ಎಳೆ ತಪ್ಪಿದೆ ಎಂದು ಇವತ್ತಿನವರೆಗೆ ಯಾರೂ ವಾಪಸ್ ತಂದಿಲ್ಲ.

ನನ್ನ ಹೆಂಡತಿ ಯಳಂದೂರಿನವಳು, ಎಸ್ಸೆಸ್ಸೆಲ್ಸಿ ಪಾಸು. ಹತ್ತು ಓದಿದವಳು ಏಳು ಮುಗಿಸದವನನ್ನು ಕಟ್ಟಿಕೊಂಡಳಲ್ಲ ಎಂದು ಮದುವೆಯ ದಿನವೇ ಅವಳ ಕಡೆಯವರು ಆಡಿಕೊಂಡದ್ದು ನನಗೆ ಗೊತ್ತು. ಅವಳು ಆಡಿಕೊಂಡವಳಲ್ಲ. ಅವಳಿಗೆ ಇದ್ದದ್ದು ಒಂದೇ ಹುಚ್ಚು, ಪಿಕ್ಚರ್. ಟಾಕೀಸಿನಲ್ಲಿ ಒಂದು ಸಲ ನೋಡಿದರೆ ಸಾಕು, ಎರಡೂವರೆ ಗಂಟೆಯ ಮಾತೆಲ್ಲ ಅವಳ ಬಾಯಲ್ಲಿ ಇರುತ್ತಿತ್ತು.

ನಮ್ಮದು ಮಗ್ಗದವರ ಬೀದಿ. ಹಗಲೆಲ್ಲ ಅಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಎದುರು ಮನೆಯವರನ್ನು ಕರೆಯಬೇಕಾದರೂ ಕೈ ಬೀಸಬೇಕು. ಕರೆಂಟು ಹೋದಾಗ ಮಾತ್ರ ಇಡೀ ಬೀದಿ ಒಂದೇ ಸಲಕ್ಕೆ ಸುಮ್ಮನಾಗುತ್ತದೆ. ಮಧ್ಯಾಹ್ನದ ಹೊತ್ತು ಎರಡು ಗಂಟೆ ಕರೆಂಟು ತೆಗೆಯುವುದು ಆಗ ಮಾಮೂಲಾಗಿತ್ತು. ಆ ಹೊತ್ತಿಗೆ ಹೆಂಗಸರು ನೂಲು ಸುತ್ತುವ ಕೆಲಸ ಬಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಇವಳು ಪಿಕ್ಚರ್ ಹೇಳುತ್ತಿದ್ದಳು.

ಬರೀ ಕತೆ ಹೇಳುವುದಲ್ಲ. ತಂದೆಗೆ ಒಂದು ದನಿ, ಖಳನಿಗೆ ಒಂದು ದನಿ, ಮುದುಕಿಗೆ ಹಲ್ಲಿಲ್ಲದ ದನಿ. ಎಲ್ಲಿ ತಡೆದು ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುವಳು. ಅದೇ ಪಿಕ್ಚರನ್ನು ಟಾಕೀಸಿನಲ್ಲಿ ನೋಡಿ ಬಂದವರೂ ಮತ್ತೆ ಕೇಳಲು ಬರುತ್ತಿದ್ದರು. ಎದುರು ಮನೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸಿದ್ದರು, ಬೀದಿಯವರೆಲ್ಲ ದೊಡ್ಡಮ್ಮ ಅನ್ನುತ್ತಿದ್ದೆವು. ಅವರು ಹೇಳುತ್ತಿದ್ದರು: "ಟಾಕೀಸ್ನಲ್ಲಿ ನೋಡುದ್ರೆ ಬರೀ ಕಣ್ಣು ತುಂಬ್ತದೆ ಕಣವ್ವ. ನಿನ್ ಬಾಯಲ್ಲಿ ಕೇಳುದ್ರೆ ಒಟ್ಟೆ ತುಂಬ್ತದೆ."

ಕರೆಂಟು ಬಂದರೆ ಎಲ್ಲರೂ ದಡಬಡ ಎದ್ದು ಹೋಗುವರು. "ಅಲ್ಲೇ ಇಟ್ಟಿರು, ನಾಳಿಕ್ ಅಲ್ಲಿಂದ್ಲೇ ಸುರು ಮಾಡು" ಎಂದು ಯಾರೋ ಓಡುತ್ತ ಕೂಗುವರು. ನಾನು ಒಳಗೆ, ನಿಂತ ಮಗ್ಗದ ಪಕ್ಕ ಚಾಪೆಯ ಮೇಲೆ ಬಿದ್ದುಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಮಕ್ಕಳಾಗದ ಮನೆ ನಮ್ಮದು. ಆದರೂ ಆ ಎರಡು ಗಂಟೆ ಮನೆ ತುಂಬಿರುತ್ತಿತ್ತು.

ಎರಡು ಸಾವಿರದ ಆರರಲ್ಲಿ ಅವಳಿಗೆ ಎರಡನೇ ಸಲ ಕ್ಷಯ ಕಾಣಿಸಿಕೊಂಡಿತು. ಮಾತ್ರೆ ಸಾಲದು, ಇಂಜೆಕ್ಷನ್ನೂ ಬೇಕು ಎಂದರು. ಚುಚ್ಚುತ್ತಿದ್ದ ನರ್ಸಮ್ಮ ಮೊದಲ ದಿನವೇ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ್ದರು, ಕಿವಿಯಲ್ಲಿ ಏನಾದರೂ ಸದ್ದು ಬಂದರೆ ಅವತ್ತೇ ಬಂದು ಹೇಳಬೇಕು, ತಡ ಮಾಡಬಾರದು ಎಂದು. ನಾನು ತಲೆಯಾಡಿಸಿದ್ದೆ. ಅವರ ತಪ್ಪು ಏನೂ ಇಲ್ಲ. ಅದನ್ನು ಇಲ್ಲಿ ಬರೆದಿಡಬೇಕು.

ಮೂರನೇ ವಾರವೋ ನಾಲ್ಕನೇ ವಾರವೋ ಇರಬೇಕು. ಊಟಕ್ಕೆ ಕೂತಿದ್ದಾಗ ಅವಳು ಹೇಳಿದಳು: "ಕಿವೀಲಿ ಗುಂಯ್ ಅಂತದೆ ಕಣ್ರಿ. ಬೆಳಿಗ್ಗೆಯಿಂದ ಬುಟ್ಟೇ ಇಲ್ಲ."

ಮಗ್ಗದ ಮನೆಯವರಿಗೆ ಕಿವಿ ಗುಂಯ್ ಅನ್ನುವುದು ಹೊಸದಲ್ಲ. ಪವರ್‌ಲೂಮ್ ನಿಲ್ಲಿಸಿದ ಮೇಲೆ ಒಂದು ಗಂಟೆ ಕಾಲ ಆ ಸದ್ದು ತಲೆಯೊಳಗೆ ಓಡುತ್ತಲೇ ಇರುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವನು ಕಿವಿ ಗುಂಯ್ ಅನ್ನುತ್ತದೆ ಎಂದರೆ ನಾವು ನಗುತ್ತೇವೆ, ಈಗ ನೀನು ನಮ್ಮವನಾದೆ ಅನ್ನುತ್ತೇವೆ. ನಾನೂ ನಕ್ಕೆ. "ಎಲ್ರಿಗೂ ಅನ್ನೋದೇ ಕಣಮ್ಮಿ. ಗುಂಯ್ ಅಂದ್ರೆ ದುಡ್ದಿದ್ದೀಯ ಅಂತ" ಎಂದೆ. ಅವಳೂ ನಕ್ಕು ಸಾರು ಬಡಿಸಿದಳು. ನರ್ಸಮ್ಮನ ಮಾತು ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಅವರು ಹೇಳಿದ ಸದ್ದು ಬೇರೆ, ನಮ್ಮ ಮನೆಯ ಸದ್ದು ಬೇರೆ ಅಂದುಕೊಂಡೆ.

ಅವಳು ಕರೆದರೆ ತಿರುಗುತ್ತಿಲ್ಲ ಎಂದು ಗೊತ್ತಾಗಿ ಡಾಕ್ಟರ ಹತ್ತಿರ ಓಡುವಷ್ಟರಲ್ಲಿ ಇನ್ನೂ ಒಂದು ತಿಂಗಳು ಹೋಗಿತ್ತು. ಔಷಧಿ ಬದಲಾಯಿಸಿದರು. ಕ್ಷಯ ವಾಸಿಯಾಯಿತು. ಹೋದ ಕಿವಿ ಬರುವುದಿಲ್ಲ ಎಂದರು. ಕಿವಿಗೆ ಹಾಕುವ ಮಿಷನ್ನು ತಂದೆ. ಗರಗರ ಬಿಟ್ಟರೆ ಅದರಲ್ಲಿ ಏನೂ ಇಲ್ಲ ಎಂದು ಬಿಚ್ಚಿಟ್ಟಳು. ಆಮೇಲೆ ನಾನು ಅವಳ ಎದುರು ಕೂತು ಬಾಯಿ ಅಗಲಿಸಿ ನಿಧಾನವಾಗಿ ಮಾತಾಡುವುದನ್ನು ಕಲಿತೆ. ಅವಳು ತುಟಿ ನೋಡುವುದನ್ನು ಕಲಿತಳು. ದೊಡ್ಡ ಮಾತಿದ್ದರೆ ಸ್ಲೇಟು. ಅವಳು ಮಾತ್ರ ಬಾಯಲ್ಲೇ ಮಾತಾಡುತ್ತಿದ್ದಳು.

ಜಗಲಿಗೆ ಹೆಂಗಸರು ಕೆಲವು ದಿನ ಬಂದರು. ಹಳೆಯ ಪಿಕ್ಚರ್‌ಗಳನ್ನೇ ಹೇಳಿದಳು. ಎಷ್ಟು ಸಲ ಕೇಳಿಯಾರು? ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕರೆಂಟು ಹೋದದ್ದು ಅವಳಿಗೆ ಸದ್ದಿನಿಂದ ತಿಳಿಯುವಂತಿರಲಿಲ್ಲ, ಬಲ್ಬು ನೋಡಿ ತಿಳಿದುಕೊಂಡು ಹೋಗಿ ಜಗಲಿಯ ಮೇಲೆ ಕೂರುವಳು. ಬಲ್ಬು ಹತ್ತಿದರೆ ಎದ್ದು ಒಳಗೆ ಬರುವಳು. ಅಷ್ಟು ಹೊತ್ತು ಅಲ್ಲಿ ಒಬ್ಬಳೇ ಏನು ನೋಡುತ್ತಿದ್ದಳೋ. ಅವಳು ಒಂದು ದಿನವೂ ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಅವಳು ಮತ್ತೆ ಜಗಲಿಯಲ್ಲಿ ಪಿಕ್ಚರ್ ಹೇಳುವ ಹಾಗೆ ಮಾಡಬೇಕು, ಏನಾದರಾಗಲಿ ಮಾಡಬೇಕು ಎಂದು ನಾನು ಹಟ ಹಿಡಿದೆ. ಹಟ ಹಿಡಿದು ದುಡಿದರೆ ಆಗದ್ದು ಇಲ್ಲ ಎಂದು ಅಲ್ಲಿಯವರೆಗೂ ನಂಬಿದ್ದೆ.

ಡಿವಿಡಿ ಹಾಕಿದರೆ ಪಿಕ್ಚರಿನ ಕೆಳಗೆ ಮಾತೆಲ್ಲ ಅಕ್ಷರದಲ್ಲಿ ಬರುತ್ತದೆ ಎಂದು ಯಾರೋ ಬಸ್ಸಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅದೇ ವಾರ ಪ್ಲೇಯರ್ ತಂದೆ. ರಿಮೋಟಿನಲ್ಲಿ ಅದಕ್ಕೆಂದೇ ಒಂದು ಗುಂಡಿ ಇದೆ ಎಂದು ಅಂಗಡಿಯವನು ತೋರಿಸಿದ. ಬಸ್‌ಸ್ಟ್ಯಾಂಡಿನ ಹತ್ತಿರ ಡಿಸ್ಕು ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಅಲ್ಲಿಂದ ಒಂದು ಡಿಸ್ಕು ತಂದು, ಇವಳನ್ನು ಕೂರಿಸಿ, ಹಾಕಿ, ಆ ಗುಂಡಿ ಒತ್ತಿದೆ. ಟೀವಿಯ ಮೂಲೆಯಲ್ಲಿ ಅಡ್ಡಗೆರೆ ಹೊಡೆದ ಒಂದು ಕೈಯ ಚಿತ್ರ ಬಂದು ಹೋಯಿತು. ಮತ್ತೆ ಒತ್ತಿದೆ. ಮತ್ತೆ ಕೈ. ಬೇಡ, ಮುಟ್ಟಬೇಡ ಅನ್ನುವ ಹಾಗೆ. ಆ ಕೈಯನ್ನು ಮುಂದಿನ ನಾಲ್ಕೈದು ವರ್ಷ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಮಾರನೇ ದಿನ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಬಾಯಿ ಚುರುಕು.

"ಅಣ್ಣ, ಇದು ನಾಕು ಪಿಚ್ಚರ್ ಒಂದ್ರಲ್ಲೇ ಇಡ್ಸಿರೋದು. ಅಕ್ಸರ ಪಕ್ಸರ ಎಲ್ಲಾ ತೆಗ್ದಾಕಿದ್ರೇನೇ ಇಡ್ಸೋದು. ಜಾಗ ಬ್ಯಾಡ್ವಾ?"

"ಅಕ್ಷರ ಎಷ್ಟು ಜಾಗ ಹಿಡೀತದೆ?"

"ಅದ್ನ ಮಾಡ್ದೋನ್ನ ಕೇಳ್ಬೇಕು. ನಾನು ಕೊಡಾವ್ನು. ಪಿಚ್ಚರ್ ಓಡ್ತೋ ಇಲ್ವೋ?"

ಪಿಕ್ಚರ್ ಓಡಿತ್ತು. ಅವನ ಗಿರಾಕಿಗಳಿಗೆಲ್ಲ ಅದೇ ಬೇಕಾಗಿತ್ತು. ಒಂದರ ಬಾಡಿಗೆಗೆ ನಾಲ್ಕು ಪಿಕ್ಚರ್. ಹಾಗೆ ತುಂಬುವುದಕ್ಕೆ ಏನೇನು ಕಿತ್ತು ಹಾಕಿದ್ದಾರೆ ಎಂದು ನೋಡುವವರು ಯಾರು?

ಅಕ್ಷರ ಇರುವ ಡಿಸ್ಕು ಹುಡುಕಿಕೊಂಡು ಹನೂರಿಗೆ ಹೋದೆ. ಅಲ್ಲಿ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಒಂದು ಅಂಗಡಿ, ಮುಕ್ಕಾಲು ಪಾಲು ತಮಿಳು ಪಿಕ್ಚರ್‌ಗಳು. ಆ ಅಂಗಡಿಯವನು ಒಳ್ಳೆಯ ಮನುಷ್ಯ, ಹತ್ತು ಡಿಸ್ಕು ಹಾಕಿ ಹಾಕಿ ತೋರಿಸಿದ. ಎರಡರಲ್ಲಿ ಅಕ್ಷರ ಬಂತು, ಇಂಗ್ಲಿಷಿನವು. ಮನೆಗೆ ತಂದು ಹಾಕಿದೆ. ಹೆಂಡತಿಯ ಹತ್ತನೇ ಕ್ಲಾಸಿನ ಇಂಗ್ಲಿಷಿಗೆ ಮೊದಲ ಎರಡು ಪದ ಸಿಗುವಷ್ಟರಲ್ಲಿ ಅಕ್ಷರ ಹೋಗಿ ಬೇರೆ ಬರುತ್ತಿತ್ತು. ಅರ್ಧ ಗಂಟೆ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಆಮೇಲೆ ಹಣೆ ಒತ್ತಿಕೊಂಡು, "ಪರೀಕ್ಸೆ ಬರ್ದಂಗಾಯ್ತದೆ, ಸಾಕು ಬುಡಿ" ಎಂದಳು.

ಯಳಂದೂರಿನಲ್ಲಿ, ಅವಳ ತವರು ಮನೆಗೆ ಹೋದಾಗ ಅಲ್ಲಿನ ಅಂಗಡಿಯಲ್ಲೂ ಕೇಳಿದೆ. ಅವನ ಹತ್ತಿರ ಕಂಪನಿಯಿಂದ ಬಂದ ಅಸಲಿ ಡಿಸ್ಕುಗಳಿದ್ದವು. ಅವನ್ನು ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟು, ಬಾಡಿಗೆಗೆ ಅವುಗಳ ನಕಲು ಕೊಡುತ್ತಿದ್ದ. ಅಸಲಿಯಲ್ಲಾದರೂ ಕನ್ನಡ ಅಕ್ಷರ ಇದೆಯೇ, ಒಂದನ್ನಾದರೂ ಹಾಕಿ ತೋರಿಸು ಎಂದೆ. ಅವನು ತೋರಿಸಿದ. ಚಂದದ ಮೆನು ಬಂತು, ಸೀನು ಸೀನಿಗೂ ಚಿಕ್ಕ ಚಿಕ್ಕ ಚಿತ್ರ. ಅಕ್ಷರ ಇಂಗ್ಲಿಷಿನದೊಂದೇ.

"ಕನ್ನಡ ಪಿಚ್ಚರ್‌ಗೆ ಕನ್ನಡ ಅಕ್ಸರ ಯಾಕೆ ಸಾ?" ಎಂದ ಅವನು. "ಕೇಳುಸ್ತದಲ್ಲ."

ನನ್ನ ಹೆಂಡತಿಗೆ ಕೇಳಿಸುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಮೂರು ಊರಿನ ಮೂರು ಅಂಗಡಿಯವರಲ್ಲಿ ಯಾರಿಗೂ ನಾನು ಅದನ್ನು ಹೇಳಲಿಲ್ಲ. ಹೇಳಿದರೆ ಯಾಕೆ ಹೋಯಿತು, ಹೇಗೆ ಹೋಯಿತು ಎಂದು ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಅದಕ್ಕೇ ಹೇಳಲಿಲ್ಲ.

ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ವಾಪಸಾಗುವಾಗ ತೀರ್ಮಾನ ಮಾಡಿದೆ, ಅಕ್ಷರ ಡಿಸ್ಕಿನಲ್ಲಿ ಇಲ್ಲದಿದ್ದರೆ ನಾನೇ ಬರೆಯುತ್ತೇನೆ. ಇನ್ನೂರು ಪುಟದ ನೋಟ್ ಪುಸ್ತಕ ತಂದೆ. ಬೆಳಿಗ್ಗೆ ಐದಕ್ಕೆ ಎದ್ದು, ಏಳಕ್ಕೆ ಮಗ್ಗ ಶುರು ಮಾಡುವವರೆಗೆ ಟೀವಿ ಮುಂದೆ ಕೂತು, ಒಂದು ಮಾತು ಕೇಳುವುದು, ನಿಲ್ಲಿಸುವುದು, ಬರೆಯುವುದು. ಯಾರು ಹೇಳಿದ್ದು ಎಂದು ಎಡಗಡೆ, ಏನು ಹೇಳಿದರು ಎಂದು ಬಲಗಡೆ.

ಆ ಬಾಡಿಗೆ ಡಿಸ್ಕುಗಳ ಜೊತೆ ಪಟ್ಟ ಪಾಡು ದೇವರಿಗೇ ಗೊತ್ತು. ಮಾತು ಸರಿಯಾಗಿ ಕೇಳಿಸಲಿಲ್ಲ, ಸ್ವಲ್ಪ ಹಿಂದೆ ಹೋಗೋಣ ಎಂದು ಗುಂಡಿ ಒತ್ತಿದರೆ ಸ್ವಲ್ಪ ಹಿಂದೆ ಹೋಗುವುದಿಲ್ಲ, ಪಿಕ್ಚರಿನ ಮೊದಲಿಗೇ ಹೋಗುತ್ತದೆ. ಅಸಲಿ ಡಿಸ್ಕಿನಲ್ಲಿ ಸೀನುಗಳ ಪಟ್ಟಿ ಇರುತ್ತದೆ, ಬೇಕಾದ ಕಡೆ ಇಳಿಯಬಹುದು. ನಕಲಿನಲ್ಲಿ ಅದನ್ನೂ ಕಿತ್ತಿರುತ್ತಾರೆ. ಎರಡು ಸಲ ಒತ್ತಿದರೆ ಪಕ್ಕದ ಪಿಕ್ಚರಿಗೆ ನೆಗೆಯುತ್ತದೆ, ಯಾರದೋ ಫೈಟಿಂಗು ಶುರುವಾಗುತ್ತದೆ. ಓಡಿಸಿಕೊಂಡು ಮುಂದೆ ಬಂದರೆ ಬೇಕಾದ ಜಾಗ ದಾಟಿ ಹೋಗುತ್ತದೆ. ಕರೆಂಟು ಹೋದರೆ ಎಲ್ಲಿ ನಿಂತಿತ್ತು ಎಂಬ ಜ್ಞಾಪಕ ಅದಕ್ಕಿಲ್ಲ, ಮತ್ತೆ ಮೊದಲಿನಿಂದ. ಮಗ್ಗದಲ್ಲಿ ಎಳೆ ಕಡಿದರೆ ಕಡಿದ ಜಾಗದಲ್ಲೇ ಗಂಟು ಹಾಕಿ ಮುಂದುವರಿಸಬಹುದು. ಇದರಲ್ಲಿ ಆ ಸೌಲಭ್ಯ ಇಲ್ಲ. ಒಂದು ಪಿಕ್ಚರಿನ ಕೊನೆಯ ಇಪ್ಪತ್ತು ನಿಮಿಷಕ್ಕಾಗಿ ನಾನು ಅದರ ಮೊದಲ ಎರಡು ಗಂಟೆಯನ್ನು ಆರು ಸಲ ನೋಡಿದ್ದೇನೆ.

ಒಂದು ದಿನಕ್ಕೆ ತಂದ ಡಿಸ್ಕನ್ನು ಎಂಟು ದಿನ ಇಟ್ಟುಕೊಳ್ಳುತ್ತಿದ್ದೆ. ಅಂಗಡಿಯವನು ಬಿಡುವನೇ?

"ಏನಣ್ಣ, ಅದೇ ಪಿಚ್ಚರ್ ಎಂಟ್ ದಿಸಾ ನೋಡ್ತಿದ್ದೀಯಲ್ಲ, ಹೀರೋಯಿನ್ ನಿಮ್ ಸಂಬಂಧದೋರಾ?"

"ಸುಮ್ನಿರಪ್ಪ."

"ಸುಮ್ನೆ ಎಂಗಿರ್ಲಿ? ನೀನು ನೋಟ್‌ಬುಕ್ ತಕಂಡು ಬರ್ಕೊತಿದ್ದೀಯಂತೆ. ನಾಟ್ಕ ಆಡುಸ್ತೀಯಂತೆ. ನಂಗೂ ಒಂದ್ ಪಾಲ್ಟು ಕೊಡು, ಇನ್ಸ್‌ಪೆಕ್ಟ್ರುದು."

ಬೀದಿಯಲ್ಲೂ ಅದೇ ಸುದ್ದಿ ಹಬ್ಬಿತ್ತು. ನಾನು ಇಲ್ಲ ಅನ್ನಲಿಲ್ಲ. ನಾಟಕ ಬರೆಯುವವನು ಎಂದರೆ ಮರ್ಯಾದೆಯೇ ಹೊರತು ಅವಮಾನವಿಲ್ಲ.

ಮೊದಲ ಪಿಕ್ಚರ್ ಬರೆದು ಮುಗಿಸಲು ಇಪ್ಪತ್ತಾರು ದಿನ ಹಿಡಿಯಿತು. ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟೆ. ಅವಳು ಓದುವ ಮೊದಲು ಪೆನ್ಸಿಲ್ ತರಿಸಿಕೊಂಡಳು. ಪುಟಕ್ಕೆ ಹತ್ತು ಹದಿನೈದು ಕಡೆ ತಿದ್ದಿದಳು, ಮೇಷ್ಟ್ರು ತಿದ್ದಿದ ಹಾಗೆ. ನಾನು ಎದ್ದು ಹೋಗಿ ಮಗ್ಗಕ್ಕೆ ಎಣ್ಣೆ ಬಿಟ್ಟುಕೊಂಡು ನಿಂತೆ. ಅವಳು ಹಿಂದೆಯೇ ಬಂದು ಹೇಳಿದಳು: "ಬರ್ದಿದ್ದು ನೀವು. ನಾನು ಬರೀ ಧೂಳ್ ಒರುಸ್ದೆ." ಅವಳಿಗೆ ಮಾತು ಹಾಗೆ ಬರುತ್ತಿತ್ತು.

ಭಾನುವಾರ ಮಧ್ಯಾಹ್ನ ನೋಡಲು ಕೂತೆವು. ಪುಸ್ತಕದ ಸಾಲಿನ ಮೇಲೆ ನನ್ನ ಬೆರಳು ಓಡುತ್ತಿತ್ತು, ಅವಳ ಕಣ್ಣು ಒಂದು ಸಲ ಬೆರಳಿಗೆ, ಒಂದು ಸಲ ಟೀವಿಗೆ. ಓದಿ ತಲೆ ಎತ್ತುವಷ್ಟರಲ್ಲಿ ಹೇಳಿದವನು ಹೋಗಿರುತ್ತಿದ್ದ. ಆಮೇಲೆ ಮಾತು ಮಾತಿಗೂ ನಿಲ್ಲಿಸಿದೆವು. ನಿಲ್ಲಿಸಿದರೆ ಮುಖಗಳು ಕಂಪಿಸುತ್ತ ನಿಲ್ಲುತ್ತಿದ್ದವು. ಒಂದು ಕಡೆ ಅವಳು ನನ್ನ ಬೆರಳು ಹಿಡಿದು ತಡೆದಳು.

"ನೀವು ತಪ್ಪು ಬರ್ದಿದ್ದೀರ. ಆ ಉಡುಗಿ ಬಾಯಿ ಇದ್ನ ಏಳ್ತಾನೇ ಇಲ್ಲ."

ನಾನು ಮತ್ತೆ ಹಾಕಿ ಕೇಳಿದೆ. ಬರೆದದ್ದು ಸರಿಯಾಗಿಯೇ ಇತ್ತು. ಆ ಹೀರೋಯಿನ್ ಬೇರೆ ರಾಜ್ಯದವಳು, ತನ್ನ ಭಾಷೆಯಲ್ಲಿ ಬಾಯಾಡಿಸಿದ್ದಾಳೆ, ದನಿ ಯಾರೋ ಬೇರೆಯವರು ಕೊಟ್ಟಿದ್ದಾರೆ. ಸ್ಲೇಟಿನಲ್ಲಿ ಇದನ್ನು ಬರೆದು ತೋರಿಸಿದೆ. ಅವಳು ನಕ್ಕಳು. ಎಷ್ಟೋ ತಿಂಗಳಾದ ಮೇಲೆ ಬಾಯಿ ತುಂಬ ನಕ್ಕಳು. "ಅಂದ್ರೆ ನಾನು ಆ ಉಡುಗಿ ಬಾಯಿ ನೋಡಿ ತುಟಿ ಓದೋದ್ರಲ್ಲಿ ಪಾಸಾದೆ" ಎಂದಳು. ಆ ಪಿಕ್ಚರ್ ಮುಗಿಯಲು ಮೂರು ಭಾನುವಾರ ಬೇಕಾಯಿತು.

ಹೀಗೆ ಒಂದೊಂದೇ ಪಿಕ್ಚರ್. ಹಾಡು ಯಾಕೆ ಬರೆದಿಲ್ಲ ಎಂದು ಕೇಳಿದಳು, ಹಾಡೂ ಬರೆದೆ. ತೆರೆಯ ಮೇಲೆ ಕಾಣಿಸದವರು ಮಾತಾಡಿದರೆ ಅದಕ್ಕೊಂದು ಗುರುತು ಮಾಡಿದೆ. ಎರಡು ವರ್ಷದಲ್ಲಿ ಹತ್ತು ಪಿಕ್ಚರ್ ಆದವು. ಹತ್ತನೆಯದು ಆಗತಾನೆ ಬಂದಿದ್ದ ಒಂದು ಅಣ್ಣ ತಂಗಿಯ ಪಿಕ್ಚರ್. ಅದು ಅವಳಿಗೆ ಬಹಳ ಹಿಡಿಸಿತು. ನೂಲು ಸುತ್ತುವಾಗ ಪುಸ್ತಕ ಪಕ್ಕದಲ್ಲಿರುತ್ತಿತ್ತು, ತುಟಿ ಆಡುತ್ತಿರುತ್ತಿತ್ತು. ಒಂದು ಬೆಳಿಗ್ಗೆ ಅವಳಾಗಿಯೇ ಹೇಳಿದಳು: "ಇವತ್ತು ಕರೆಂಟ್ ಓದ್ರೆ ಎಲ್ರುನೂ ಕರೀರಿ. ಏಳ್ತೀನಿ."

ಅವತ್ತು ನಾನು ಮಗ್ಗ ಓಡಿಸುತ್ತಲೇ ಹನ್ನೆರಡು ಸಲ ಗಡಿಯಾರ ನೋಡಿದ್ದೇನೆ. ಕರೆಂಟು ಹೋಯಿತು. ಮನೆ ಮನೆಗೂ ಹೋಗಿ ಕರೆದೆ. ಎಂಟು ಹತ್ತು ಜನ ಬಂದರು. ಎದುರು ಮನೆ ದೊಡ್ಡಮ್ಮ ಕೋಲೂರಿಕೊಂಡು ಬಂದು ಮೊದಲಿನ ಜಾಗದಲ್ಲೇ ಕೂತರು. ಅವರ ಮೊಮ್ಮಗನ ಹೊಸ ಹೆಂಡತಿಯೂ ಬಂದಿದ್ದಳು. ನಾನು ಎಂದಿನಂತೆ ಒಳಗೆ, ಬಾಗಿಲ ಹಿಂದೆ.

ಶುರು ಮಾಡಿದಳು. ಮಾತು ಒಂದೂ ತಪ್ಪಲಿಲ್ಲ. ಆದರೆ ದನಿ. ಸುಮ್ಮನಾದ ಆ ಬೀದಿಯಲ್ಲಿ ಅವಳ ದನಿ ಆ ತುದಿಯವರೆಗೆ ಹೋಗುತ್ತಿತ್ತು, ಒಂದೇ ಮಟ್ಟದಲ್ಲಿ, ಏರಿಲ್ಲ, ಇಳಿತವಿಲ್ಲ. ತಂದೆಗೂ ಅದೇ, ಖಳನಿಗೂ ಅದೇ, ಮುದುಕಿಗೂ ಅದೇ. ಮಗ್ಗದ ಸದ್ದಿನ ನಡುವೆ, ಮನೆಯೊಳಗೆ, ದಿನಾ ಕೇಳುತ್ತಿದ್ದ ನನಗೆ ಅದು ಇಷ್ಟು ಎಂದು ತಿಳಿದಿರಲಿಲ್ಲ. ಸ್ವಲ್ಪ ತಿಳಿದಿತ್ತು. ಹೇಳಿರಲಿಲ್ಲ.

ತಂಗಿ ಮನೆ ಬಿಟ್ಟು ಹೊರಡುವ ಸೀನು ಬಂತು. ಅಣ್ಣ ಅವಳಿಗೆ ಇನ್ನು ಈ ಹೊಸಿಲು ತುಳಿಯಬೇಡ ಅನ್ನುತ್ತಾನೆ. ಇವಳು ಅದನ್ನು ಗದರಿಸಿ ಹೇಳಿದಳು, ಕಣ್ಣು ಕೆಂಪು ಮಾಡಿ, ಕೈ ಎತ್ತಿ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಿಕ್ಚರಿನಲ್ಲಿ ಅವನು ಅದನ್ನು ಅಳುತ್ತ, ಗಂಟಲು ಕಟ್ಟಿ, ಕೇಳಿಸಿಯೂ ಕೇಳಿಸದ ಹಾಗೆ ಹೇಳುತ್ತಾನೆ. ಆಗ ಅವನ ಬೆನ್ನು ನಮ್ಮ ಕಡೆ ಇರುತ್ತದೆ, ಮುಖ ಕಾಣುವುದಿಲ್ಲ. ನಾನು ಪುಸ್ತಕದಲ್ಲಿ ಬರೆದದ್ದು ಮಾತು ಮಾತ್ರ.

"ಅಯ್ಯೋ, ಅಲ್ಲಿ ಅವ್ನು ಅಳ್ತಾನಲ್ವಾ?" ಎಂದಳು ಹೊಸ ಸೊಸೆ, ಪಕ್ಕದವಳಿಗೆ. ಪಕ್ಕದವಳು ನಗು ತಡೆದುಕೊಂಡು ಅಂದಳು: "ಅವ್ಳಿಗೇನ್ ಗೊತ್ತು, ಪಾಪ. ಮೈಕ್ ಇಡ್ದಂಗೆ ಕಿರುಚ್ತಾಳೆ."

"ಮುಚ್ಕಳ್ರೇ ಬಾಯ," ಎಂದು ದೊಡ್ಡಮ್ಮ ಗದರಿದರು. ಆಮೇಲೆ ಇವಳ ಮೊಣಕಾಲಿನ ಮೇಲೆ ಕೈಯಿಟ್ಟು, ಇನ್ನೊಂದು ಕೈಯನ್ನು ಮೆಲ್ಲಗೆ ಕೆಳಗೆ ಇಳಿಸಿ ತೋರಿಸಿದರು. ಮೆತ್ತಗೆ, ಮೆತ್ತಗೆ ಅನ್ನುವ ಹಾಗೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಇವಳು ಆ ಕೈ ನೋಡಿದಳು. ಸುತ್ತ ಕೂತವರ ಮುಖ ಒಂದೊಂದಾಗಿ ನೋಡಿದಳು. ತುಟಿ ಓದಲು ನಾನೇ ಕಲಿಸಿದ್ದೆನಲ್ಲ. ಅಲ್ಲಿಗೆ ನಿಲ್ಲಿಸಿದಳು.

"ಮುಂದಕ್ಕೇಳವ್ವ" ಎಂದರು ದೊಡ್ಡಮ್ಮ. ಇವಳು ಎದ್ದು ಸೀರೆ ಕೊಡವಿಕೊಂಡು ಒಳಗೆ ಬಂದಳು. ಕರೆಂಟು ಇನ್ನೂ ಬಂದಿರಲಿಲ್ಲ. ಹೆಂಗಸರು ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದರು.

ಒಳಗೆ ಅವಳು ನನ್ನ ಎದುರು ನಿಂತು ಕೇಳಿದಳು: "ನನ್ ದನಿ ಎಂಗದೆ?"

"ಮೊದ್ಲಂಗೇ ಅದೆ" ಎಂದೆ. ಅನ್ನುವಾಗ ಮುಖ ಮಗ್ಗದ ಕಡೆಗಿತ್ತು.

"ಕಾಣುಸ್ಲಿಲ್ಲ. ಮಕ ಈ ಕಡೆ ತಿರುಗ್ಸಿ, ಇನ್ನೊಂದ್ಸಲ ಏಳಿ."

ತಿರುಗಿಸಿದೆ. ಅವಳು ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದಳು. ಹೇಳುವುದಕ್ಕೆ ಆಗಲಿಲ್ಲ. ಅಷ್ಟರಲ್ಲಿ ಬಲ್ಬು ಹತ್ತಿತು, ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ಶುರುವಾದವು. ನಾನೂ ಹೋಗಿ ನನ್ನದನ್ನು ಶುರು ಮಾಡಿದೆ.

ಅವತ್ತು ಸಂಜೆ ಅವಳು ಸ್ಲೇಟು ತಂದು ಅದರಲ್ಲಿ, ರಾತ್ರಿ ಊಟಕ್ಕೆ ಏನು ಮಾಡಲಿ ಎಂದು ಬರೆದು ತೋರಿಸಿದಳು. ಅದುವರೆಗೆ ಸ್ಲೇಟು ನಾನು ಬರೆದು ಅವಳು ಓದುವುದಕ್ಕಿತ್ತು. ಯಾಕಮ್ಮಿ, ಬಾಯಲ್ಲಿ ಹೇಳು ಎಂದೆ. ಇಲ್ಲ ಎಂದು ತಲೆಯಾಡಿಸಿದಳು. ಕೋಪ ಮಾಡಿಕೊಂಡಿದ್ದಾಳೆ, ಎರಡು ದಿನಕ್ಕೆ ಸರಿಹೋಗುತ್ತದೆ ಅಂದುಕೊಂಡೆ. ಅದು ಕೋಪ ಆಗಿರಲಿಲ್ಲ. ಕೋಪವಾಗಿದ್ದರೆ ಇಳಿಯುತ್ತಿತ್ತು.

ನಾನು ಸುಮ್ಮನೆ ಕೂರುವವನಲ್ಲ. ಇನ್ನೊಂದು ಡಿಸ್ಕು ತಂದೆ. ಈ ಸಲ ಪುಸ್ತಕದಲ್ಲಿ ಗೆರೆ ಹೊಡೆದು ಮೂರು ಭಾಗ ಮಾಡಿದೆ. ಯಾರು, ಏನು, ಹೇಗೆ. ಹೇಗೆ ಅನ್ನುವ ಕಡೆ ಅಳುತ್ತ, ಹಲ್ಲು ಕಚ್ಚಿ, ತಮಾಷೆಗೆ, ಸುಳ್ಳು ಸುಳ್ಳೇ ನಗುತ್ತ ಎಂದೆಲ್ಲ ಬರೆದೆ. ಕೆಲವು ಮಾತಿಗೆ ಏನು ಬರೆಯಬೇಕೋ ಗೊತ್ತಾಗದೆ ಅರ್ಧ ಗಂಟೆ ಕೂತಿದ್ದೇನೆ. ಒಬ್ಬ ತಾಯಿ "ಊಟ ಆಯ್ತಾ" ಅನ್ನುತ್ತಾಳೆ. ಅದರಲ್ಲಿ ಅಳುವೂ ಇಲ್ಲ, ನಗುವೂ ಇಲ್ಲ, ಆದರೂ ಎದೆ ಹಿಂಡುತ್ತದೆ. ಅದನ್ನು ಏನೆಂದು ಬರೆಯುವುದು? ಏಳನೇ ಕ್ಲಾಸು ಮುಗಿಸಿದ್ದರೆ ಆ ಪದ ಸಿಗುತ್ತಿತ್ತೇನೋ. ಆ ಪಿಕ್ಚರಿಗೆ ಮೂರು ತಿಂಗಳು ಹಿಡಿಯಿತು, ನಾಲ್ಕು ಪುಸ್ತಕ ಆಯಿತು. ಅವಳ ಮುಂದಿಟ್ಟೆ. ಮೊದಲ ಪುಸ್ತಕ ತೆರೆದಳು, ಒಂದು ಪುಟ ಓದಿದಳು. ಪೆನ್ಸಿಲ್ ಕೇಳಲಿಲ್ಲ. ನಾಲ್ಕನ್ನೂ ಜೋಡಿಸಿ, ಸೀರೆ ಮಡಿಸುವಷ್ಟು ನೀಟಾಗಿ ಅಂಚು ಸರಿಮಾಡಿ, ಬೀರುವಿನ ಮೇಲೆ ಹಳೆಯವುಗಳ ಪಕ್ಕ ಇಟ್ಟಳು. ಸ್ಲೇಟಿನಲ್ಲಿ ಬರೆದಳು: "ಸಾಕು. ನಿಮ್ಮ ಕಣ್ಣು ಹಾಳಾಗುತ್ತದೆ."

ಆಮೇಲೂ ಎರಡು ಪಿಕ್ಚರ್ ಶುರು ಮಾಡಿ ಅರ್ಧಕ್ಕೆ ಬಿಟ್ಟೆ. ಎರಡು ಸಾವಿರದ ಹನ್ನೆರಡರ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಅಂಗಡಿಯವನು ಡಿಸ್ಕುಗಳನ್ನೆಲ್ಲ ಚೀಲಕ್ಕೆ ತುಂಬಿಸಿ, ಮೊಬೈಲ್ ರೀಚಾರ್ಜ್ ಬೋರ್ಡು ಹಾಕಿದ. ನನ್ನ ಹತ್ತಿರ ಅವನದೊಂದು ಡಿಸ್ಕು ಉಳಿದಿತ್ತು, ವಾಪಸ್ ಕೊಡಲು ಹೋದೆ.

"ಇಟ್ಕ ಓಗಣ್ಣ, ಯಾರು ನೋಡ್ತಾರೆ ಈಗ?" ಎಂದ. ಆಮೇಲೆ ಕೇಳಿದ: "ನಾಟ್ಕ ಆಯ್ತಾ?"

"ಆಯ್ತು" ಎಂದೆ.

ಈಗ ಎಲ್ಲರ ಕೈಯಲ್ಲೂ ಫೋನು. ಅದರಲ್ಲಿ ಕೆಲವು ಪಿಕ್ಚರ್‌ಗಳಿಗೆ ಕೆಳಗೆ ಅಕ್ಷರ ಬರುತ್ತದೆ ಎಂದು ತೋರಿಸಿದರು. ಹೆಚ್ಚಿನವು ಇಂಗ್ಲಿಷೇ. ಫೋನು ತಾನೇ ಕೇಳಿಸಿಕೊಂಡು ತಾನೇ ಬರೆಯುವ ಕನ್ನಡವೂ ಒಂದಿದೆ, ಅದರ ಅರ್ಧ ಮಾತು ಏನೇನೋ. ಅವಳಿಗೆ ತೋರಿಸಿದೆ. ಒಂದು ನಿಮಿಷ ನೋಡಿ ವಾಪಸ್ ಕೊಟ್ಟಳು. ಅವಳು ನೋಡುವುದು ಅಡುಗೆ ಮಾಡುವುದು, ಬಟ್ಟೆ ಹೊಲಿಯುವುದು, ಮಾತಿಲ್ಲದ್ದು. ದೊಡ್ಡಮ್ಮ ತೀರಿಕೊಂಡರು. ಮಧ್ಯಾಹ್ನ ಕರೆಂಟು ಹೋಗುವುದು ಕಡಿಮೆಯಾಗಿದೆ. ಹೋದರೂ ಹೆಂಗಸರು ಅವರವರ ಹೊಸಿಲಲ್ಲೇ ಕೂತು ಅವರವರ ಫೋನು ನೋಡುತ್ತಾರೆ. ಅವಳು ನಾಳೆ ಹೇಳುತ್ತೇನೆ ಎಂದರೂ ಕೇಳಲು ಬರುವವರಿಲ್ಲ. ಇದು ನನಗೆ ಗೊತ್ತಾಗಿ ಬಹಳ ದಿನವಾಯಿತು. ಅವಳಿಗೆ ಅದಕ್ಕಿಂತ ಮೊದಲೇ ಗೊತ್ತಾಗಿರಬೇಕು.

ನನ್ನ ಹತ್ತಿರ ಈಗ ಎರಡು ಮ‌ಗ್ಗ ಇವೆ, ಒಂದು ಓಡುತ್ತದೆ. ಡಿವಿಡಿ ಪ್ಲೇಯರ್ ಒಂದು, ತಟ್ಟೆ ಹೊರಗೆ ಬರುವುದಿಲ್ಲ. ಬಾಡಿಗೆ ಡಿಸ್ಕು ಒಂದು, ಅದರಲ್ಲಿ ನಾಲ್ಕು ಪಿಕ್ಚರ್. ನೋಟ್ ಪುಸ್ತಕ ಇಪ್ಪತ್ತಮೂರು. ಪೂರ್ತಿ ಬರೆದ ಪಿಕ್ಚರ್ ಹನ್ನೊಂದು, ಅರ್ಧ ಬರೆದವು ಎರಡು. ಸ್ಲೇಟು ಎರಡು, ಅವಳದೊಂದು, ನನ್ನದೊಂದು. ಬಳಪ ಮುಕ್ಕಾಲು ಡಬ್ಬ. ಅವಳು ಬಾಯಿಬಿಟ್ಟು ಆಡುವ ಮಾತು ದಿನಕ್ಕೆ ಮೂರೋ ನಾಲ್ಕೋ.